ದುರಸ್ತಿಯಲ್ಲಿದ್ದ ಹಾಸಿಗೆ

ಫ್ರೇಮಣ್ಣ ಕೆಮ್ಮಬಾರದ ಹೊತ್ತಿನಲ್ಲಿ ಕೆಮ್ಮಿದ. ಅವತ್ತು ಅವನು ಮಾಡಿದ ಮೊದಲ ತಪ್ಪು ಅದು.

ಕೆಮ್ಮಿಗೆ ಕಾರಣ ರೋಗವಲ್ಲ. ಅವನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಮರದ ಪಟ್ಟಿ ಕೊಯ್ದು, ಮೂಲೆ ಉಜ್ಜಿ, ವಾರ್ನಿಷ್ ಬಳಿದು ಅವನ ಗಂಟಲು ತುಕ್ಕು ಹಿಡಿದ ಬಾಗಿಲಿನಂತಾಗಿತ್ತು. ಯಾರೂ ತಳ್ಳದಿದ್ದರೂ ಆಗಾಗ ತಾನಾಗಿಯೇ ಕಿರುಗುಟ್ಟುತ್ತಿತ್ತು. ಬೇರೆ ಕಾಲದಲ್ಲಾಗಿದ್ದರೆ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಅದು ಎದೆಜ್ವರದ ಕಾಲ. ಒಬ್ಬ ಸೀನಿದರೆ ಇಡೀ ಬೀದಿ ಕಿಟಕಿ ಮುಚ್ಚಿಕೊಳ್ಳುತ್ತಿದ್ದ ಕಾಲ.

ಊರಿನ ಅಂಗಡಿಗಳೆಲ್ಲ ನೊಣ ಹೊಡೆಯುತ್ತಿದ್ದಾಗ ಫ್ರೇಮಣ್ಣನ ಅಂಗಡಿಯೊಂದು ಮಾತ್ರ ಚೆನ್ನಾಗಿ ನಡೆಯುತ್ತಿತ್ತು. ಅದೇ ಅವನ ಸಂಕಟ. ಜನ ಬಂದು ಒಂದು ಫೋಟೋ ಮೇಜಿನ ಮೇಲಿಟ್ಟು ಮಾತಾಡದೆ ನಿಲ್ಲುತ್ತಿದ್ದರು. ಹೆಚ್ಚಿನವು ಯಾವುದೋ ಮದುವೆಯ ಗುಂಪು ಫೋಟೋದಿಂದ ಒಂದೇ ಮುಖ ಬಿಡಿಸಿ ದೊಡ್ಡದು ಮಾಡಿಸಿದಂಥವು: ನಗುತ್ತಿರುವ ಮುಖ, ಭುಜದ ಮೇಲೆ ಇನ್ಯಾರದೋ ಕೈ. ಬೆಲೆ ಹೇಳುವಾಗ ಫ್ರೇಮಣ್ಣನ ದನಿ, ಸಿಕ್ಕಿಬಿದ್ದ ಕಳ್ಳನ ದನಿಯಂತೆ ಕೆಳಗಿಳಿಯುತ್ತಿತ್ತು.

ಇಂಥವನು ಅವತ್ತು ಬೆಳಿಗ್ಗೆ ನಾಗರಿಕ ಎಚ್ಚರ ಸಮಿತಿಯ ಸಭೆಗೆ ಹೋಗಿ ಕೂತಿದ್ದ. ಮುಚ್ಚಿದ್ದ ಶಾಲೆಯ ಒಂದು ಕೋಣೆಯಲ್ಲಿ ಸಭೆ. ಚಿಕ್ಕ ಮಕ್ಕಳ ಬೆಂಚುಗಳಾದ್ದರಿಂದ ಊರಿನ ಹಿರಿಯರೆಲ್ಲ ಮೊಣಕಾಲನ್ನು ಕಿವಿಗೆ ತಾಗಿಸಿಕೊಂಡು, ಮಿಡತೆಗಳ ಮಹಾಸಭೆಯಂತೆ ಕಾಣುತ್ತಿದ್ದರು. ಸಮಿತಿಯ ಅಧ್ಯಕ್ಷರು ಅದೇ ಶಾಲೆಯಿಂದ ನಿವೃತ್ತರಾದ ಹೆಡ್‌ಮಿಸ್. ಕಾರ್ಯದರ್ಶಿ ಇಸ್ತ್ರಿ ಅಂಗಡಿಯವನು. ಊರಿನವರ ಜೇಬುಗಳ ಒಳಗನ್ನು ಅವನಷ್ಟು ಬಲ್ಲವರು ಯಾರೂ ಇಲ್ಲ ಅನ್ನುವುದೇ ಅವನ ಅರ್ಹತೆ.

ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಸರ್ಕಾರಿ ಆಸ್ಪತ್ರೆಯ ಕಾರಿಡಾರಿನ ಕೊನೆಯಲ್ಲಿ ಒಂದು ಮೂಲೆ ಕೋಣೆ. ಅದರಲ್ಲಿ ಆಕ್ಸಿಜನ್ ಇರುವ ಒಂದು ಹಾಸಿಗೆ. ಬಾಗಿಲ ಮೇಲೆ ಮಾತ್ರ ‘ದುರಸ್ತಿಯಲ್ಲಿದೆ’ ಎಂಬ ಬೋರ್ಡು. ಬಡವರು ಕೇಳಿದರೆ ಹಾಸಿಗೆ ದುರಸ್ತಿಯಲ್ಲಿರುತ್ತಿತ್ತು. ಮಾವನ ಕೈ ಬೆಚ್ಚಗೆ ಮಾಡಿದರೆ ಆ ಕ್ಷಣವೇ ದುರಸ್ತಿಯಾಗುತ್ತಿತ್ತು.

ಮಾವ ಯಾರಿಗೂ ಮಾವನಲ್ಲ. ಆಸ್ಪತ್ರೆಯ ಸಿಬ್ಬಂದಿಯೂ ಅಲ್ಲ. ಕಾರಿಡಾರಿನಲ್ಲಿ ಓಡಾಡಿಕೊಂಡಿದ್ದು, ನೊಂದವರ ಭುಜದ ಮೇಲೆ ಕೈಯಿಟ್ಟು, “ಮಾವ ಇದೀನಲ್ಲ, ಯಾಕೆ ಹೆದರ್ತೀರಿ” ಅನ್ನುವ ದಪ್ಪ ಆಸಾಮಿ. ಆ ಹಾಸಿಗೆ ಸಿಗದೆ ಅದೇ ಕಾರಿಡಾರಿನಲ್ಲಿ ತೀರಿಹೋದವರಲ್ಲಿ ಹೆಡ್‌ಮಿಸ್ಸಿನ ತಂಗಿಯೂ ಒಬ್ಬಳು. ಅವಳ ಫೋಟೋಗೂ ಫ್ರೇಮಣ್ಣನೇ ಕಟ್ಟು ಹಾಕಿದ್ದ. ದುಡ್ಡು ಬೇಡ ಅಂದಾಗ ಹೆಡ್‌ಮಿಸ್ ಕೇಳಿರಲಿಲ್ಲ. ಪೂರ್ತಿ ಕೊಟ್ಟು ರಸೀದಿ ಪಡೆದಿದ್ದರು.

“ಬೆಕ್ಕಿನ ಕೊರಳಿಗೆ ಗಂಟೆ ಕಟ್ಟಬೇಕು ಅಂತ ಎಲ್ಲರೂ ಕೈ ಎತ್ತಿದೀರಿ,” ಅಂದರು ಹೆಡ್‌ಮಿಸ್. “ಲಂಚದ ವಿಭಾಗದ ಇನ್‌ಸ್ಪೆಕ್ಟರು ಬಲೆ ಹಾಕೋಕೆ ತಯಾರಿದಾರೆ. ಈಗ ರೋಗಿ ಥರ ಹೋಗಿ ಮಾವನಿಗೆ ದುಡ್ಡು ಕೊಡೋರು ಯಾರು?”

ಎತ್ತಿದ ಕೈಗಳೆಲ್ಲ ಇಳಿದವು. ಒಬ್ಬರು ಗೋಡೆಯ ಮೇಲಿನ ಮಗ್ಗಿ ಓದತೊಡಗಿದರು. ಅಷ್ಟರಲ್ಲಿ ಫ್ರೇಮಣ್ಣನ ಗಂಟಲು ಕಿರುಗುಟ್ಟಿತು.

“ಭೇಷ್!” ಇಸ್ತ್ರಿಯವನು ಚಪ್ಪಾಳೆ ತಟ್ಟಿದ. “ಇಂಥಾ ಕೆಮ್ಮು ಹುಡುಕಿದ್ರೂ ಸಿಗಲ್ಲ!”

“ಅಯ್ಯೋ, ನಾನಲ್ಲ... ಇದು ಮರದ ಪುಡಿ ಕೆಮ್ಮು ಕಣ್ರೀ.”

“ಮರದ್ದೋ ಎದೆದೋ ಮಾವನಿಗೇನು ಗೊತ್ತಾಗತ್ತೆ? ಇನ್ನೊಂದ್ಸಲ ಕೆಮ್ಮು, ನೋಡೋಣ.”

ಫ್ರೇಮಣ್ಣ ಹೆಡ್‌ಮಿಸ್ಸಿನ ಮುಖ ನೋಡಿದ. ಅವರೂ ಅವನನ್ನೇ ನೋಡುತ್ತಿದ್ದರು. ಊರಿನ ಸಾವಿನಿಂದ ಹೊಟ್ಟೆ ಹೊರೆಯುತ್ತಿದ್ದೇನೆ ಅನ್ನುವ ಮುಳ್ಳು ಅವನೊಳಗೆ ಬಹಳ ದಿನದಿಂದ ಚುಚ್ಚುತ್ತಿತ್ತು. ಅದು ಈಗ ಅವನನ್ನು ಬೆಂಚಿನಿಂದ ಎಬ್ಬಿಸಿತು.

“ಆಯ್ತು ಮೇಡಂ,” ಅಂದ.

ಹಳೇ ಅಂಗಿ ಹಾಕಿಕೊಳ್ಳಲು ಮನೆಗೆ ಹೋದಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

“ಊರಿಗೆಲ್ಲ ಹಾಸಿಗೆ ಕೊಡ್ಸೋಕೆ ಹೋಗಿ ನೀವೇ ಕಾಯಂ ಮಲಗಿಬಿಟ್ರೆ?”

“ಒಂದು ಗಂಟೆ ಕೆಲಸ ಕಣೇ. ಮಲಗೋದು, ದುಡ್ಡು ಕೊಡೋದು, ಎದ್ದು ಬರೋದು.”

“ನೀವು ಮಲಗಿದ್ರೆ ಎದ್ದು ಬರೋದು ಎಷ್ಟು ಕಷ್ಟ ಅಂತ ನನಗೆ ಗೊತ್ತಿಲ್ವಾ?” ಅಂದಳು ಅವಳು. ಆದರೂ ತಾನೇ ಮುಖಗವಸಿನ ದಾರವನ್ನು ಅವನ ಕಿವಿಗೆ ಎರಡೆರಡು ಸುತ್ತು ಬಿಗಿದು ಕಳಿಸಿದಳು.

ಆಸ್ಪತ್ರೆಯ ಹಿಂದೆ ಜೀಪಿನಲ್ಲಿ ಇನ್‌ಸ್ಪೆಕ್ಟರು ಕಾಯುತ್ತಿದ್ದರು. ನೋಟುಗಳಿಗೆ ಬಿಳಿ ಪುಡಿ ಸವರಿ ಫ್ರೇಮಣ್ಣನ ಜೇಬಿಗೆ ತಾವೇ ಇಟ್ಟರು.

“ನೋಡಪ್ಪ, ಈ ಪುಡಿ ಕಣ್ಣಿಗೆ ಕಾಣಲ್ಲ. ಇದನ್ನ ಮುಟ್ಟಿದ ಕೈಯನ್ನ ನಮ್ಮ ಸೋಡಾ ನೀರಲ್ಲಿ ಅದ್ದಿದ್ರೆ ನೀರು ಗುಲಾಬಿ ಬಣ್ಣಕ್ಕೆ ತಿರುಗತ್ತೆ. ಅವನು ಕೇಳೋ ತನಕ ನೋಟು ಮುಟ್ಟಬೇಡ. ಮುಟ್ಟಿದ ಮೇಲೆ ಬೇರೆ ಏನನ್ನೂ ಮುಟ್ಟಬೇಡ. ಕೊಟ್ಟ ತಕ್ಷಣ ಕಿಟಕಿ ಹತ್ರ ಬಂದು ಕರವಸ್ತ್ರ ಬೀಸು. ಅಷ್ಟೇ.”

ಮುಟ್ಟಬೇಡ ಅಂದರೆ ಕೈ ಸುಮ್ಮನಿರುತ್ತದೆಯೇ? ಬಿದ್ದ ಹಲ್ಲಿನ ಜಾಗಕ್ಕೆ ನಾಲಗೆ ಹೋದ ಹಾಗೆ ಫ್ರೇಮಣ್ಣನ ಕೈ ಮತ್ತೆ ಮತ್ತೆ ಜೇಬಿಗೆ ಹೋಗುತ್ತಿತ್ತು. ಇದೆಯಾ? ಇದೆ. ಬಿದ್ದುಹೋಯಿತಾ? ಇಲ್ಲ, ಇದೆ. ಕಾರಿಡಾರಿನ ಬೆಂಚು ತಲುಪುವ ಹೊತ್ತಿಗೆ ಅವನು ಬೆರಳಿನ ತುದಿಯಿಂದ ಮಣಿಕಟ್ಟಿನವರೆಗೆ ಸಾಕ್ಷ್ಯವಾಗಿದ್ದ.

ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಒಬ್ಬ ಅಜ್ಜ, ಜೊತೆಗೆ ಮಗಳು. ಅಜ್ಜ ಬಸ್ ಓಡಿಸಿ ನಿವೃತ್ತನಾದವನು. ಮಗಳು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳ ಕಾಲರು ಹೊಲಿಯುವವಳು. ಅಜ್ಜ ಒಂದೊಂದು ಉಸಿರನ್ನೂ ಬಾವಿಯಿಂದ ಕೊಡ ಎಳೆದಂತೆ ಎಳೆಯುತ್ತಿದ್ದ. ಮಾತು ಮಾತ್ರ ಬಿಟ್ಟಿರಲಿಲ್ಲ.

“ಇಂಜಿನ್ನು... ಚೆನ್ನಾಗೇ ಇದೆ ಕಂಡಕ್ಟರೇ,” ಅಂದ, ಫ್ರೇಮಣ್ಣನಿಗೆ. “ಘಾಟಿ... ಸ್ವಲ್ಪ ಉದ್ದ ಆಯ್ತು.”

“ಅಪ್ಪಾ, ಮಾತಾಡಬೇಡ,” ಅಂದಳು ಮಗಳು. ಅವಳ ಕಣ್ಣು ಬಾತುಕೊಂಡಿದ್ದವು. “ಬೆಳಿಗ್ಗೆಯಿಂದ ಕೂತಿದೀವಿ. ಡಾಕ್ಟರು ಹಾಸಿಗೆ ಖಾಲಿ ಇಲ್ಲ ಅಂತಾರೆ. ಆ ಮಾವ ಅನ್ನೋನು ಇದೆ ಅಂತಾನೆ. ಆದ್ರೆ ಅವನು ಕೇಳೋದು ಕೊಡೋಕೆ ನನ್ನ ಹತ್ರ ಏನಿದೆ?”

ಅಜ್ಜ ನೀರು ಬೇಕೆಂದು ಸನ್ನೆ ಮಾಡಿದ. ಫ್ರೇಮಣ್ಣ ಎದ್ದು ಬಾಟಲಿ ತುಂಬಿಸಿ ತಂದ, ಅಜ್ಜನ ಗಲ್ಲ ಹಿಡಿದು ಕುಡಿಸಿದ, ಬಾಟಲಿಯನ್ನು ಮಗಳ ಕೈಗೆ ಕೊಟ್ಟ. ಓಡಾಡಿ ಸುಸ್ತಾಗಿ ಗೋಡೆಗೆ ಒರಗಿದ ನರ್ಸಮ್ಮನಿಗೆ ಕೈಹಿಡಿದು ಕುರ್ಚಿ ತೋರಿಸಿದ. ಬಿದ್ದ ಚೀಟಿಗಳನ್ನು ಎತ್ತಿ ಡಾಕ್ಟರ ಕೈಗೆ ಕೊಟ್ಟ. ಹುಟ್ಟಿದಾಗಿನಿಂದ ಇಷ್ಟು ಉಪಕಾರಿಯಾಗಿ ಅವನೆಂದೂ ಇರಲಿಲ್ಲ. ಇನ್‌ಸ್ಪೆಕ್ಟರ ಮಾತು ನೆನಪಾದಾಗ ಹೊತ್ತು ಮೀರಿತ್ತು.

ಅಷ್ಟರಲ್ಲಿ ಮಾವ ಬಂದ.

“ಏನಪ್ಪಾ, ನೋಡಿದ್ರೆ ಮಲಗೋ ಗಿರಾಕಿ ಥರ ಕಾಣಲ್ವಲ್ಲ ನೀನು?”

ಫ್ರೇಮಣ್ಣ ಕೆಮ್ಮಬೇಕು ಅಂದುಕೊಂಡ. ಹಾಳಾದ ಗಂಟಲು ಆಗಲೇ ಎಣ್ಣೆ ಹಾಕಿದಂತೆ ನುಣ್ಣಗಾಗಿತ್ತು. ಹುಬ್ಬು ಗಂಟಿಕ್ಕಿದ, ಹೊಟ್ಟೆ ಬಿಗಿದ. ಒಂದು ಸಣ್ಣ ಬಿಕ್ಕಳಿಕೆ ಬಂತು. ಪಕ್ಕದಲ್ಲಿ ಅಜ್ಜ ನಿಜವಾಗಿ ಕೆಮ್ಮಿದ. ಮಾವ ಮುಖ ತಿರುಗಿಸುವಷ್ಟರಲ್ಲಿ ಫ್ರೇಮಣ್ಣ ಬಾಯಿಗೆ ಕೈ ಅಡ್ಡ ಹಿಡಿದು ಆ ಕೆಮ್ಮನ್ನು ತನ್ನದೇ ಮಾಡಿಕೊಂಡ.

“ಹಾಂ, ಎದೆಗೆ ಇಳಿದಿದೆ,” ಅಂದ ಮಾವ ತಜ್ಞನಂತೆ. “ಬಾ. ಮಾವ ಇದೀನಲ್ಲ.”

ಫ್ರೇಮಣ್ಣ ಎದ್ದ. ಮಗಳು ಅವನನ್ನೇ ನೋಡುತ್ತಿದ್ದಳು. ಇದುವರೆಗೆ ನೀರು ತಂದುಕೊಟ್ಟ ಮನುಷ್ಯ ತನ್ನ ಅಪ್ಪನ ಹಾಸಿಗೆಯನ್ನು ಕೊಂಡುಕೊಂಡು ಹೋಗುತ್ತಿದ್ದಾನೆ ಎಂದು ಅವಳಿಗೆ ಆಗ ಹೊಳೆಯಿತು. ಅವನು ಬಗ್ಗಿ ಪಿಸುಗುಟ್ಟಿದ:

“ಸ್ವಲ್ಪ ತಡ್ಕೊಳ್ಳಮ್ಮ. ಈ ಹಾಸಿಗೆ ನಿಮ್ಮಪ್ಪನಿಗೇ ಸಿಗತ್ತೆ. ಆಣೆ ಮಾಡಿ ಹೇಳ್ತೀನಿ.”

“ದುಡ್ಡಿರೋರು ಆಣೆ ಬೇರೆ ಮಾಡ್ತಾರೆ,” ಅಂದಳು ಅವಳು, ಬಾಟಲಿಯನ್ನು ದೂರ ಸರಿಸಿ.

ಮೂಲೆ ಕೋಣೆ ಚೊಕ್ಕಟವಾಗಿತ್ತು. ದುರಸ್ತಿ ಬೇಕಾಗಿದ್ದದ್ದು ಒಂದೂ ಇರಲಿಲ್ಲ. ಮಾವ ಅವನ ಕೈಹಿಡಿದು ಹಾಸಿಗೆ ಮೇಲೆ ಕೂರಿಸಿದ, ದಿಂಬು ತಟ್ಟಿದ, ಆಮೇಲೆ ಬಾಗಿಲು ಓರೆ ಮಾಡಿ ಅಂಗೈ ಚಾಚಿದ. ಫ್ರೇಮಣ್ಣ ನೋಟು ಕೊಟ್ಟ. ಮಾವ ಎಣಿಸಲೂ ಇಲ್ಲ. ತೂಕದಲ್ಲೇ ತಿಳಿದುಕೊಂಡು ಒಳಜೇಬಿಗೆ ಇಳಿಸಿದ.

ಫ್ರೇಮಣ್ಣ ಕಿಟಕಿಗೆ ಓಡಿ ಕರವಸ್ತ್ರ ಬೀಸಿದ. ಕೆಳಗೆ ಕಾಂಪೌಂಡಿನ ಬಳಿ, ಸನ್ನೆ ಕಂಡೊಡನೆ ಇನ್‌ಸ್ಪೆಕ್ಟರಿಗೆ ಹೇಳಲೆಂದು ನಿಂತಿದ್ದ ಇಸ್ತ್ರಿಯವನು ಅವನನ್ನು ನೋಡಿ ಸಂತೋಷಪಟ್ಟು ತಾನೂ ಕೈ ಬೀಸಿದ. ಇವನು ಜೋರಾಗಿ ಬೀಸಿದ. ಅವನೂ ಜೋರಾಗಿ ಬೀಸಿದ, ರೈಲು ಹತ್ತಿಸಲು ಬಂದವನ ಹಾಗೆ.

“ಯಾರಿಗೆ ಟಾಟಾ ಮಾಡ್ತಿದೀಯ?” ಅಂದ ಮಾವ.

“ಸೆಖೆ... ಗಾಳಿ ಹಾಕ್ಕೊಳ್ತಿದೀನಿ.”

“ಹಾಸಿಗೆ ಸಿಕ್ಕ ಸಂತೋಷಕ್ಕೆ ಕೆಲವರಿಗೆ ಹಂಗಾಗತ್ತೆ,” ಎಂದು ಮಾವ ಸಮಾಧಾನದಿಂದ ಹೊರಟ. ಅಷ್ಟರಲ್ಲಿ ಕೆಳಗೆ ಹೆಡ್‌ಮಿಸ್ ಬಂದು ಇಸ್ತ್ರಿಯವನ ಬೆನ್ನಿಗೊಂದು ಬಿಟ್ಟದ್ದು ಕಾಣಿಸಿತು. ಮರುಕ್ಷಣ ಮೆಟ್ಟಿಲ ಮೇಲೆ ಬೂಟುಗಳ ಸದ್ದು. ಬಾಗಿಲಲ್ಲೇ ಇನ್‌ಸ್ಪೆಕ್ಟರು ಮಾವನ ಎರಡೂ ಮಣಿಕಟ್ಟು ಹಿಡಿದರು.

ಸಮಿತಿಯವರೆಲ್ಲ ಒಳಗೆ ನುಗ್ಗಿದರು. ಹೆಡ್‌ಮಿಸ್ ಫ್ರೇಮಣ್ಣನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, “ದೊಡ್ಡ ಕೆಲಸ ಮಾಡಿದ್ರಿ” ಅಂದರು. ಅವರ ಕಣ್ಣಲ್ಲಿ ನೀರಿತ್ತು. ಇಸ್ತ್ರಿಯವನಂತೂ ಅವನನ್ನು ತಬ್ಬಿಯೇಬಿಟ್ಟ. ಮಾವ ಇನ್ನು ಮಾವನ ಮನೆಯ ಅತಿಥಿ ಎಂದು ಯಾರೋ ನಗೆಯಾಡಿದರು. ಲಾಕಪ್ಪಿಗೆ ಜನ ಇಟ್ಟ ಹೆಸರು ಅದೇ ತಾನೆ.

ಸೋಡಾ ನೀರು ಬಂತು. ಮಾವ ಕೈ ಅದ್ದಿದ. ನೀರು ಗುಲಾಬಿಯಾಯಿತು. ಎಲ್ಲರೂ ಹೋ ಎಂದರು.

“ಸಾಹೇಬ್ರೇ,” ಅಂದ ಮಾವ ಮೆಲ್ಲಗೆ, “ರೋಗಿನ ಕೈಹಿಡಿದು ಕೂರಿಸಿದೆ, ಅದಕ್ಕೆ ಬಣ್ಣ ಬಂತು. ಜೇಬಿಗೆ ಅವನೇ ನೋಟು ತುರುಕಿದಾನೆ. ಅವನು ಯಾರ್ಯಾರನ್ನ ಮುಟ್ಟಿದಾನೋ ಅವರ ಕೈಯನ್ನೂ ಅದ್ದಿಸಿ ನೋಡಿ.”

ಇನ್‌ಸ್ಪೆಕ್ಟರು ನಿಯಮದ ಮನುಷ್ಯ. ಅದ್ದಿಸಿದರು. ನರ್ಸಮ್ಮ ಗುಲಾಬಿ. ಡಾಕ್ಟರು ಗುಲಾಬಿ. ಅಜ್ಜನ ಮಗಳು ಗುಲಾಬಿ. ಇಸ್ತ್ರಿಯವನು ಅಂಗೈಯಿಂದ ಮೊಣಕೈಯವರೆಗೆ ಗುಲಾಬಿ. ಕೊನೆಗೆ ಅಧ್ಯಕ್ಷರಾದ ಹೆಡ್‌ಮಿಸ್ಸಿನ ಎರಡೂ ಹಸ್ತ, ಊರಿನ ಯಾವ ತೋಟದಲ್ಲೂ ಅಂಥ ಹೂವಿರಲಿಲ್ಲ, ಅಷ್ಟು ಗುಲಾಬಿ.

ಇನ್‌ಸ್ಪೆಕ್ಟರು ಹಣೆ ಹಿಡಿದುಕೊಂಡರು. “ಏನಯ್ಯಾ ಇದು? ಕೇಸು ಮಾಡು ಅಂದ್ರೆ ಬಣ್ಣದಂಗಡಿ ಇಟ್ಟಿದೀಯಲ್ಲ! ಮುಟ್ಟಬೇಡ ಅಂತ ಹೇಳಿರಲಿಲ್ವಾ?”

“ನೀರು ಕುಡಿಸಿದೆ ಸಾರ್...” ಅಂದ ಫ್ರೇಮಣ್ಣ, ಇಂಗು ತಿಂದ ಮಂಗನಂತೆ.

“ಈ ಕೇಸು ಕೋರ್ಟಲ್ಲಿ ನಿಲ್ಲಬೇಕು ಅಂದ್ರೆ ಒಂದೇ ದಾರಿ. ಈ ಕೋಣೇಲಿ ಯಾರು ಎಲ್ಲೆಲ್ಲಿ ಮುಟ್ಟಿದಾರೆ ಅಂತ ಲ್ಯಾಬಿನೋರು ಬಂದು ನೋಡಬೇಕು. ಹಾಸಿಗೆ, ದಿಂಬು, ಬಾಗಿಲು, ಎಲ್ಲಾ ಸಾಕ್ಷಿ. ನಾಳೆವರೆಗೆ ಕೋಣೆಗೆ ಸೀಲು!”

ಮಾವನನ್ನು ಕರೆದುಕೊಂಡು ಹೋದರು. ಬಾಗಿಲ ಚಿಲಕಕ್ಕೆ ಬಟ್ಟೆ ಸುತ್ತಿ ಅರಗು ಒತ್ತಿದರು. ಒಬ್ಬ ಪೇದೆಯನ್ನು ಕಾವಲಿಗೆ ಕೂರಿಸಿದರು. ‘ದುರಸ್ತಿಯಲ್ಲಿದೆ’ ಎಂಬ ಬೋರ್ಡು ಅಲ್ಲೇ ಇತ್ತು. ಈಗ ಅದರ ಕೆಳಗೆ ಸರ್ಕಾರದ ಮುದ್ರೆಯೂ ಬಿತ್ತು. ಹೊರಗೆ ಸಮಿತಿಯವರು ಜೈಕಾರ ಹಾಕುತ್ತಿದ್ದರು. ಪತ್ರಿಕೆಯವನು ಫ್ರೇಮಣ್ಣನ ಫೋಟೋ ತೆಗೆದ.

ಫ್ರೇಮಣ್ಣನಿಗೆ ಕೇಳಿಸುತ್ತಿದ್ದದ್ದು ಜೈಕಾರವಲ್ಲ, ಬೆಂಚಿನ ಕಡೆಯಿಂದ ಬರುತ್ತಿದ್ದ ಉಸಿರಿನ ಸದ್ದು.

“ಮೇಡಂ, ಆ ಹಾಸಿಗೆ ಅಜ್ಜನಿಗೆ ಬೇಕು,” ಅಂದ. “ನಾನು ಮಾತು ಕೊಟ್ಟಿದೀನಿ.”

ಹೆಡ್‌ಮಿಸ್ ಅಜ್ಜನನ್ನು ನೋಡಿದ್ದೇ ತಡ, ಅವರ ಮುಖದ ಗೆಲುವೆಲ್ಲ ಇಳಿದುಹೋಯಿತು. ಇನ್‌ಸ್ಪೆಕ್ಟರ ಜೀಪಿನ ಹಿಂದೆ ಓಡಿದರು. ಸಾಕ್ಷಿ ಕೆಡಿಸಲು ತಮಗೆ ಅಧಿಕಾರವಿಲ್ಲ ಅಂದರು ಇನ್‌ಸ್ಪೆಕ್ಟರು. ಆಸ್ಪತ್ರೆಯ ಮುಖ್ಯಸ್ಥರನ್ನು ಹಿಡಿದರು. ಪೊಲೀಸರ ಸೀಲು ತಾವು ಮುಟ್ಟುವುದಿಲ್ಲ ಅಂದರು ಮುಖ್ಯಸ್ಥರು. “ಮೇಲಿನ ಸಾಹೇಬ್ರ ಆಫೀಸಿಗೇ ಹೋಗಿ ಆರ್ಡರ್ ತರ್ತೀನಿ. ನೀವು ಇಲ್ಲೇ ಇರಿ. ಕಾರ್ಯದರ್ಶಿಗಳೇ, ಆ ಸೀಲಿನ ಮೇಲೊಂದು ಕಣ್ಣಿಟ್ಟಿರಿ, ಮಾವನ ಕಡೆಯೋರು ಬಂದು ಏನಾದ್ರೂ ಮಾಡಿಯಾರು,” ಎಂದು ಹೇಳಿ ಹೆಡ್‌ಮಿಸ್, ಆ ವಯಸ್ಸಿನಲ್ಲಿ ಸೀರೆ ಎತ್ತಿಹಿಡಿದು ಓಡಿದರು.

ಹೊತ್ತು ಇಳಿಯಿತು. ಹೆಡ್‌ಮಿಸ್ ಬರಲಿಲ್ಲ. ಅಜ್ಜನ ತುಟಿ ನೀಲಿಗೆ ತಿರುಗತೊಡಗಿತು. ಗಾಳಿಯಲ್ಲಿ ಅವನ ಎರಡೂ ಕೈ ಒಂದು ದೊಡ್ಡ ಚಕ್ರ ಹಿಡಿದಂತೆ ಅತ್ತಿತ್ತ ತಿರುಗುತ್ತಿದ್ದವು. ಮಾತು ನಿಂತಿತ್ತು.

“ಅಣ್ಣಾ,” ಅಂದಳು ಮಗಳು. ಅವಳಿಗೆ ಈಗ ಎಲ್ಲ ಗೊತ್ತಾಗಿತ್ತು. “ನೀವು ಒಳ್ಳೇ ಕೆಲಸ ಮಾಡೋಕೆ ಬಂದೋರು ಅಂತ ಗೊತ್ತಾಗಿದ್ರೆ ನಾನು ಹಂಗೆ ಅಂತಿರಲಿಲ್ಲ. ಆದ್ರೆ ಅಣ್ಣಾ, ಬೆಳಿಗ್ಗೆ ಆ ಹಾಸಿಗೆಗೆ ಬೆಲೆ ಆದ್ರೂ ಇತ್ತು. ಸಾಲ ಮಾಡಿ ತರಬಹುದಿತ್ತೇನೋ. ಈಗ ಅದೂ ಇಲ್ಲ.”

ಫ್ರೇಮಣ್ಣ ಎದ್ದು ಪೇದೆಯ ಹತ್ತಿರ ಹೋದ.

“ಸಾರ್, ಒಂದು ಜೀವ ಸಾರ್.”

“ನನ್ನ ಕೈಲೇನಿದೆ ಗುರುವೇ?” ಅಂದ ಪೇದೆ. ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಅರಗು ಅಂದ್ರೆ ಅರಗು. ಸೆಖೆಗೆ ಕರಗೋದೂ ಉಂಟು. ಆದ್ರೆ ಸೆಖೆ ಅನ್ನೋದು ತಾನಾಗೇ ಬರತ್ತಾ?” ಅವನ ಕಣ್ಣು ಫ್ರೇಮಣ್ಣನ ಬೆರಳಿನ ಮೇಲೆ ನಿಂತಿತ್ತು. ಅಲ್ಲಿ ಮದುವೆಯ ಉಂಗುರವಿತ್ತು.

ಬೆಳಗಿನಿಂದ ಲಂಚದ ವಿರುದ್ಧ ಹೋರಾಡಿದ ಕೈ ಅದು. ಫ್ರೇಮಣ್ಣ ಒಂದು ಕ್ಷಣ ಅದನ್ನೇ ನೋಡಿದ. ಆಮೇಲೆ ಉಂಗುರ ಹಿಡಿದು ಎಳೆದ. ಮದುವೆಯಾದಾಗ ಸಣಕಲನಾಗಿದ್ದವನು ಈಗ ತುಂಬಿಕೊಂಡಿದ್ದ. ಉಂಗುರ ಗಂಟಿನ ಹತ್ತಿರ ಬಂದು ಹಟ ಹಿಡಿಯಿತು. ಎಳೆದ, ತಿರುಚಿದ, ಹಲ್ಲಿನಿಂದ ಕಚ್ಚಿದ.

“ಹಂಗಲ್ಲ, ಚರ್ಮ ಕಿತ್ತು ಬರತ್ತೆ,” ಎಂದು ಪೇದೆ ಮರುಕದಿಂದ ಎದ್ದುಹೋಗಿ ನರ್ಸಮ್ಮನ ಮೇಜಿನ ಮೇಲಿದ್ದ ಸೋಪು ತಂದುಕೊಟ್ಟ. ಅವನೇ ಬೆರಳಿಗೆ ಸವರಿ ನಾಜೂಕಾಗಿ ಬಿಡಿಸಿದ. ಅಷ್ಟು ಪ್ರೀತಿಯಿಂದ ಲಂಚ ತೆಗೆದುಕೊಂಡವರನ್ನು ಫ್ರೇಮಣ್ಣ ಕಂಡಿರಲಿಲ್ಲ.

ಸೀಲು ಒಡೆಯಿತು. ಫ್ರೇಮಣ್ಣ, ಮಗಳು, ನರ್ಸಮ್ಮ ಮೂವರೂ ಸೇರಿ ಅಜ್ಜನನ್ನು ಹೊತ್ತು ಹಾಸಿಗೆ ಮೇಲೆ ಮಲಗಿಸಿದರು. ನರ್ಸಮ್ಮ ಆಕ್ಸಿಜನ್ ಮಾಸ್ಕು ಹಾಕಿ ತಿರುಪು ತಿರುಗಿಸಿದಳು. ಬುರುಬುರು ಎಂದು ನೀರಿನಲ್ಲಿ ಗುಳ್ಳೆ ಎದ್ದವು. ಅಜ್ಜನ ಕೈಗಳು ನಿಧಾನವಾಗಿ ಚಕ್ರ ಬಿಟ್ಟು ಎದೆಯ ಮೇಲೆ ಇಳಿದವು.

“ಸೀಲು ಒಡೆದ್ರು! ಮಾವನ ಕಡೆಯೋರು ಸೀಲು ಒಡೆದ್ರು!” ಎಂಬ ಕೂಗು ಅದೇ ಹೊತ್ತಿಗೆ ಕಾರಿಡಾರನ್ನು ತುಂಬಿತು. ಹೆಡ್‌ಮಿಸ್ಸಿನ ಪೆಟ್ಟಿನ ನಂತರ ಇಸ್ತ್ರಿಯವನು ಎಚ್ಚರದ ಮೂರ್ತಿಯೇ ಆಗಿದ್ದ. ಸಮಿತಿಯವರನ್ನೆಲ್ಲ ಕಟ್ಟಿಕೊಂಡು, ಒಬ್ಬನನ್ನು ಇನ್‌ಸ್ಪೆಕ್ಟರ ಬಳಿಗೂ ಓಡಿಸಿ, ಅವನು ಬಾಗಿಲಿಗೆ ಬಂದು ಪೇದೆಯ ಮುಷ್ಟಿ ಹಿಡಿದೇಬಿಟ್ಟ. ಮುಷ್ಟಿಯೊಳಗೆ ಸೋಪು ಹತ್ತಿದ ಉಂಗುರ.

“ಯಾರು ಕೊಟ್ಟದ್ದು? ಹೇಳು!”

ಪೇದೆ ಬೆವತುಹೋಗಿ ಒಳಗೆ ಬೆರಳು ಮಾಡಿದ. “ಅವರೇ... ಬಲವಂತ ಮಾಡಿ ಕೊಟ್ರು.”

ಹಾಸಿಗೆಯ ಪಕ್ಕದಿಂದ ಫ್ರೇಮಣ್ಣ ತಿರುಗಿದ. ಇಸ್ತ್ರಿಯವನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಗುಳ್ಳೆಗಳ ಸದ್ದೊಂದೇ.

ಆಗ ಹೆಡ್‌ಮಿಸ್ ಬಂದರು, ಬರಿಗೈಯಲ್ಲಿ. ಮೇಲಿನ ಸಾಹೇಬರು ಜ್ವರದ ಬಗೆಗಿನ ಸಭೆಯಲ್ಲಿದ್ದರಂತೆ, ಎಬ್ಬಿಸುವಂತಿರಲಿಲ್ಲವಂತೆ. ಹಿಂದೆಯೇ ಇನ್‌ಸ್ಪೆಕ್ಟರೂ ಬಂದರು.

“ಮೊದಲು ಆ ಮನುಷ್ಯನ್ನ ಹಾಸಿಗೆಯಿಂದ ಇಳಿಸಿ,” ಅಂದರು ಇನ್‌ಸ್ಪೆಕ್ಟರು. “ಸಾಕ್ಷಿ ಮೇಲೆ ಮಲಗಿದಾನೆ.”

“ಅವರನ್ನ ಮುಟ್ಟಿದ್ರೆ ನೋಡಿ!” ಹೆಡ್‌ಮಿಸ್ ಹಾಸಿಗೆಗೆ ಅಡ್ಡ ನಿಂತರು. ಆ ದನಿಗೆ ಒಂದು ಕಾಲದಲ್ಲಿ ಇಡೀ ಶಾಲೆ ನಡುಗುತ್ತಿತ್ತು. ಇನ್‌ಸ್ಪೆಕ್ಟರು ತಾವಾಗಿಯೇ ಟೋಪಿ ತೆಗೆದರು. “ನಿಮ್ಮ ಕೇಸು ಹಾಳಾದ್ರೆ ಹಾಳಾಗಲಿ. ಇವರು ಇಲ್ಲೇ ಇರ್ತಾರೆ.”

“ಸರಿ ಮೇಡಂ. ಆದ್ರೆ ಉಂಗುರದ ವಿಷಯ? ಕೊಟ್ಟದ್ದೂ ಅಪರಾಧ, ತಗೊಂಡದ್ದೂ ಅಪರಾಧ. ಕೈಗೆ ಸಿಕ್ಕಿದೆ, ನೋಡಿದೋರಿದಾರೆ. ದೂರು ಕೊಡೋರು ಯಾರಾದ್ರೂ ಇದ್ರೆ...”

ಇಸ್ತ್ರಿಯವನು ತಲೆ ತಗ್ಗಿಸಿದ. ನೋಡಲಿಲ್ಲ ಅಂದುಬಿಡೋಣ ಎಂದು ಯಾರೋ ಗೊಣಗಿದರು.

“ನಾನು ಕೊಡ್ತೀನಿ ದೂರು,” ಅಂದರು ಹೆಡ್‌ಮಿಸ್.

ಫ್ರೇಮಣ್ಣನಿಗೆ ನಂಬಿಕೆಯಾಗಲಿಲ್ಲ. “ಮೇಡಂ, ನಾನು ದುಡ್ಡು ಮಾಡ್ಕೊಳ್ಳೋಕೆ...”

“ಗೊತ್ತು. ಯಾಕೆ ಕೊಟ್ರಿ ಅಂತ ನಿಮಗಿಂತ ಚೆನ್ನಾಗಿ ನನಗೆ ಗೊತ್ತು.” ಅವರು ಅವನ ಮುಖ ನೋಡಲಿಲ್ಲ, ಅಜ್ಜನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದರು. “ಅವತ್ತು ಮಾವ ನನ್ನನ್ನೂ ಕೇಳಿದ್ದ. ಇದೇ ಬಾಗಿಲ ಹತ್ರ. ಹಾಸಿಗೆ ಖಾಲಿ ಇತ್ತು. ದುಡ್ಡೂ ಇತ್ತು ನನ್ನ ಹತ್ರ, ಪರ್ಸಿನಲ್ಲೇ ಇತ್ತು. ಕೊಡಲ್ಲ ಅಂದೆ. ಜೀವಮಾನವೆಲ್ಲ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಹೇಳ್ಕೊಟ್ಟದ್ದನ್ನ ನಾನೇ ಅಳಿಸಲಾ ಅಂದೆ. ನನ್ನ ತಂಗಿ ಬೆಂಚಿನ ಮೇಲಿಂದ ನನ್ನನ್ನೇ ನೋಡ್ತಾ ಇದ್ಲು.”

ಅವರು ಫ್ರೇಮಣ್ಣನ ಕಡೆ ತಿರುಗಿದರು.

“ನೀವು ಮಾಡಿದ್ದು ಸರಿ ಅಂತ ನಾನು ಇವತ್ತು ಬಿಟ್ಟುಬಿಟ್ರೆ, ಅವತ್ತು ನಾನು ಮಾಡಿದ್ದೇನು? ನೀವೇ ಹೇಳಿ. ನಾನು ಅವಳಿಗೇನು ಉತ್ತರ ಕೊಡಲಿ?”

ಅವರ ಮೇಲೆ ಸಿಟ್ಟು ಬರುತ್ತದೇನೋ ಎಂದು ಫ್ರೇಮಣ್ಣ ಕಾದ, ಬರಲಿಲ್ಲ. “ಬರೀರಿ ಮೇಡಂ,” ಅಂದ. “ಉಂಗುರ ಕೊಟ್ಟದ್ದು ನಾನೇ.”

ಅಜ್ಜನ ಮಗಳು ಅಳುತ್ತಾ ಅವನ ಕೈ ಹಿಡಿದಳು. ಅವನು ಬಿಡಿಸಿಕೊಂಡು, ಪೇದೆಯ ಹಿಂದೆಯೇ ಜೀಪು ಹತ್ತಿದ.

ಸ್ಟೇಷನ್ನಿನ ಬೆಂಚಿನ ಮೇಲೆ ಮಾವ ಆಗಲೇ ಕಾಲು ಚಾಚಿ ಕೂತಿದ್ದ. ಫ್ರೇಮಣ್ಣನನ್ನು ಕಂಡು ಅವನ ಹುಬ್ಬು ಮೇಲೇರಿತು.

“ಓಹೋ, ನೀನೂ ಬಂದ್ಯಾ? ಕೂತ್ಕೋ. ಹಾಸಿಗೆ ಸಿಕ್ತಾ?”

“ಸಿಕ್ತು.”

“ಏನು ಕೊಟ್ಟೆ?”

“ಉಂಗುರ.”

“ಚಿನ್ನದ್ದಾ?” ಮಾವ ನಿಜವಾಗಿಯೂ ನೊಂದುಕೊಂಡ. “ಥೂ! ಅಷ್ಟಕ್ಕೆ ನಾನಾಗಿದ್ರೆ ಗುಣ ಆಗೋ ತನಕ ಇಟ್ಕೊಂಡು ಎರಡು ಹೊತ್ತು ಟೀನೂ ಕೊಡಿಸ್ತಿದ್ದೆ. ಅನುಭವ ಇಲ್ದೋರ ಕೈಗೆ ಕೆಲಸ ಕೊಟ್ರೆ ಹಿಂಗೇ ನೋಡು.”

ಸುದ್ದಿ ಕೇಳಿ ಹೆಂಡತಿ ಓಡಿಬಂದಳು. ಬೈಯಲೆಂದೇ ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದಳು. ಆದರೆ ಅವನ ಬರಿಬೆರಳಿನ ಮೇಲೆ ಉಂಗುರವಿದ್ದ ಜಾಗದ ಬಿಳಿ ಗುರುತು ಕಂಡು ಸುಮ್ಮನೆ ಪಕ್ಕದಲ್ಲಿ ಕೂತಳು. ಕೇಳಿದ್ದು ಇಷ್ಟೇ:

“ಅಜ್ಜ ಹೆಂಗ್ರೀ ಇದಾರೆ?”

“ಗೊತ್ತಿಲ್ಲ ಕಣೇ. ಯಾರೂ ಹೇಳ್ತಿಲ್ಲ.”

ದೀಪ ಹಚ್ಚುವ ಹೊತ್ತಿಗೆ ಹೆಡ್‌ಮಿಸ್ ಬಂದರು. ಯಾರ ಕಡೆಗೂ ನೋಡದೆ ನೇರ ಮೇಜಿಗೆ ಹೋಗಿ, ಬರೆದಿಟ್ಟಿದ್ದ ದೂರನ್ನು ಪೂರ್ತಿ ಓದಿ, ಒಂದು ಕಾಗುಣಿತದ ತಪ್ಪು ತಿದ್ದಿ, ರುಜು ಹಾಕಿದರು. ಇನ್‌ಸ್ಪೆಕ್ಟರು ಕಾಗದ ಎತ್ತಿಟ್ಟರು. ಹೆಡ್‌ಮಿಸ್ ಬಾಗಿಲ ಕಡೆ ಹೊರಟರು.

“ಮೇಡಂ,” ಫ್ರೇಮಣ್ಣ ಎದ್ದು ನಿಂತ. “ಅಜ್ಜ...?”

ಅವರು ನಿಂತರು. ಕೈಯಲ್ಲಿ ಇನ್ನೂ ಪೆನ್ನಿತ್ತು. ಮುಚ್ಚಳ ಹಾಕಲು ನೋಡಿದರು. ಅದು ಕೂರಲಿಲ್ಲ.

“ಉಸಿರಾಡ್ತಾ ಇದಾರೆ,” ಅಂದರು. “ಇಷ್ಟು ಹೊತ್ತೂ ಅಲ್ಲೇ ಕೂತು ನೋಡ್ತಿದ್ದೆ. ಚೆನ್ನಾಗಿ ಉಸಿರಾಡ್ತಾ ಇದಾರೆ. ಡಾಕ್ಟರು ಹೇಳಿದ್ರು, ಬದುಕ್ತಾರಂತೆ. ಹೊತ್ತಿಗೆ ಸರಿಯಾಗಿ ಆ ಹಾಸಿಗೆ ಸಿಕ್ಕಿದ್ರೆ ಹೆಚ್ಚಿನೋರು ಬದುಕ್ತಾರಂತೆ.”

ಅಷ್ಟು ಹೇಳಿದವರಿಗೆ ಬಾಗಿಲವರೆಗೆ ನಡೆಯಲು ಆಗಲಿಲ್ಲ. ಮುಖ ಮುಚ್ಚಿಕೊಂಡು ಬೆಂಚಿನ ಕಡೆ ತಡವರಿಸುತ್ತಾ ಬಂದರು. ಫ್ರೇಮಣ್ಣನ ಹೆಂಡತಿ ಕೈಹಿಡಿದಳು. ಬೆಂಚು ತುಂಬಿತ್ತು. ಮಾವ ಎದ್ದು ಗೋಡೆಯ ಪಕ್ಕಕ್ಕೆ ಸರಿದು ನಿಂತು ಅವರಿಗೆ ಜಾಗ ಬಿಟ್ಟುಕೊಟ್ಟ.

ಆ ಜಾಗಕ್ಕೆ ಅವನು ಏನೂ ಕೇಳಲಿಲ್ಲ.